ಮಂಠಾಳದ ಹಾದಿಯಲ್ಲಿ ಕಂಡ ಟ್ರ್ಯಾಕ್ಟರ್

ಕಣ್ಣಾರೆ ಕಂಡೆ ಎನ್ನುವವರ ಮಾತನ್ನು ನಾನು ನಂಬುತ್ತಿರಲಿಲ್ಲ. ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ಮೇಲಂತೂ, ಕಣ್ಣಿಗಿಂತ ಉಪಕರಣ ದೊಡ್ಡದು ಎಂದು ಕೇಳದವರಿಗೂ ಹೇಳುತ್ತಿದ್ದೆ. ಒಂದೇ ಒಂದು ಸಲ ಉಪಕರಣ ಬಿಟ್ಟು ಕಣ್ಣನ್ನು ನಂಬಿದೆ. ಅದನ್ನೇ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಬಸವಕಲ್ಯಾಣದ ಆಚೆ, ಮಂಠಾಳದ ಹತ್ತಿರ, ಹೊಲದ ಅಂಚಿನ ಕೋಣೆಯಲ್ಲಿ ಕೂತು ಕಾಂತಮಾಪಕವೊಂದನ್ನು ಕಾಯುವ ಕೆಲಸ ನನ್ನದು. ಸೂರ್ಯನಿಂದ ಎದ್ದ ಬಿರುಗಾಳಿ ಭೂಮಿಗೆ ಬಡಿದರೆ ಭೂಮಿಯ ಕಾಂತಕ್ಷೇತ್ರ ಅಲುಗುತ್ತದೆ; ಪರದೆಯ ಮೇಲಿನ ಗೆರೆ ಜಿಗಿಯುತ್ತದೆ. ಆಗ ಹುಮನಾಬಾದಿನಲ್ಲಿದ್ದ ಸವಿತಾಳಿಗೆ ಫೋನು ಮಾಡಬೇಕು. ಅವಳೂ ಅವಳ ಜೊತೆಗಾರರೂ ಕಾಲೇಜಿನಲ್ಲಿದ್ದಾಗ ಕೈಯಾರೆ ಕಟ್ಟಿದ ಪುಟ್ಟ ಉಪಗ್ರಹ ಮೇಲೆ ಸುತ್ತುತ್ತಿತ್ತು. ಅದು ನೆತ್ತಿಯ ಮೇಲೆ ಹಾಯುವ ಕೆಲವೇ ನಿಮಿಷಗಳಲ್ಲಿ ಅವಳು ಅದರ ಯಂತ್ರಗಳನ್ನು ಬಂದ್ ಮಾಡಿ ಕಾಪಾಡಿಕೊಳ್ಳಬೇಕು. ತೊಂದರೆ ಏನೆಂದರೆ, ಹತ್ತಿರ ಕಬ್ಬಿಣ ಸುಳಿದರೂ ಗೆರೆ ಜಿಗಿಯುತ್ತದೆ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರನ್ನು ಬಿರುಗಾಳಿ ಎಂದು ತಿಳಿದು ಒಮ್ಮೆ ಸುಮ್ಮನೆ ಉಪಗ್ರಹವನ್ನು ಬಂದ್ ಮಾಡಿಸಿದ್ದೆ. ಅವಳು ಅದನ್ನು ಮರೆತಿರಲಿಲ್ಲ.

ಆ ಮಧ್ಯಾಹ್ನ ಗೆರೆ ಜಿಗಿಯಿತು. ಫೋನಿನಲ್ಲಿ ಸವಿತಾ ನಕ್ಕಳು. "ಸರ, ಮತ್ತ ಕಬ್ಬಿನ ಗಾಡಿ ಬಂತೇನ್ರಿ? ಮೊದಲ ಹೊರಗ ಹಣಿಕಿ ನೋಡ್ರಿ. ಉಪಗ್ರಹ ಹೊಂಟದ, ಲಗೂ ಹೇಳ್ರಿ."

ಕಿಟಕಿಯಿಂದ ನೋಡಿದೆ. ಹೊಲದ ಹಾದಿಯಲ್ಲಿ ಕೆಂಪು ಟ್ರ್ಯಾಕ್ಟರೊಂದು ಖಾಲಿ ಟ್ರೈಲರ್ ಎಳೆದುಕೊಂಡು ಹೋಗುತ್ತಿತ್ತು. ಚಾಲಕ ನನ್ನನ್ನು ಕಂಡು ಕೈ ಎತ್ತಿದ. ನಾನೂ ಎತ್ತಿದೆ.

"ಟ್ರ್ಯಾಕ್ಟರೇ ಅದ. ಬಂದ್ ಮಾಡಬ್ಯಾಡ," ಎಂದೆ.

ಮುಂದಿನ ಸುತ್ತಿನಲ್ಲಿ ಉಪಗ್ರಹ ಮಾತಾಡಲಿಲ್ಲ. ಇವತ್ತಿಗೂ ಇಲ್ಲ. ಬೇರೆ ಊರುಗಳ ಮಾಪಕಗಳಲ್ಲೂ ಗೆರೆ ಅದೇ ಗಳಿಗೆಯಲ್ಲಿ ಜಿಗಿದಿತ್ತು ಎಂದು ಸಂಜೆಯ ಹೊತ್ತಿಗೆ ತಿಳಿಯಿತು. ಬಡಿದದ್ದು ಬಿರುಗಾಳಿಯೇ.

ನಾನು ಹಾದಿಗೆ ಓಡಿದೆ. ಹಿಂದಿನ ದಿನದ ಮಳೆಗೆ ಎರೆಮಣ್ಣು ಇನ್ನೂ ಹಸಿಯಾಗಿತ್ತು. ಗೊಬ್ಬರಕ್ಕೆಂದು ಆ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಮಾಳವ್ವ ಹಾದಿಗೆ ಅಡ್ಡಲಾಗಿ ಬಲೆ ಕಟ್ಟಿ ಮರಿಗಳನ್ನು ಕೂಡಿಹಾಕಿದ್ದಳು. ಟ್ರ್ಯಾಕ್ಟರ್ ಎತ್ತ ಹೋಯಿತು ಎಂದು ಕೇಳಿದೆ.

"ಯಾವ ಟ್ರ್ಯಾಕ್ಟರ್ರಿ ಸಾಹೇಬ್ರ? ಮುಂಜಾನಿಂದ ಇಲ್ಲೇ ಕುಂತೀನಿ. ಬಂದಿದ್ರ ನನ್ನ ಮರಿ ಮ್ಯಾಲೆ ಹಾದು ಹೋಗಬೇಕಿತ್ತು. ಆ ಭಾಡ್ಯಾನ ಬಿಡ್ತಿದ್ದೆನೇನು?" ಎಂದಳು. ಆಮೇಲೆ ದನಿ ತಗ್ಗಿಸಿ, "ನೀವು ಕಿಟಕ್ಯಾಗ ನಿಂತು ಕೈ ಎತ್ತಿದ್ರಲ್ಲ, ಯಾರಿಗ್ರಿ ಅದು?"

ಕೆಸರಿನಲ್ಲಿ ಮರಿಗಳ ಗೊರಸಿನ ಗುರುತಷ್ಟೇ ಇತ್ತು. ಗಾಲಿಯದು ಇರಲಿಲ್ಲ.

ನಾನು ತೂಕಡಿಸುತ್ತಿದ್ದೆ ಎಂದು ಬರೆದು ಮೇಲಿನವರು ಕೈ ತೊಳೆದುಕೊಂಡರು. ನನ್ನ ಕೆಲಸ ಹೋಯಿತು. ಸವಿತಾ ಕೇಳಿದ್ದು ಒಂದೇ: "ಖರೇನ ನೋಡಿದ್ರೇನ್ರಿ, ಇಲ್ಲಾ ನಾ ನಗ್ತೀನಿ ಅಂತ ಹೆದರಿ ಹೇಳಿದ್ರಿ?" ಅಂದಿನಿಂದ ಅವಳು ನನ್ನೊಂದಿಗೆ ಮಾತಾಡಿಲ್ಲ. ನೆನಪನ್ನು ಕೆದಕಿದಷ್ಟೂ ಆ ಟ್ರ್ಯಾಕ್ಟರು ಸ್ಪಷ್ಟವಾಗುತ್ತದೆ. ಈಗೀಗ ಚಾಲಕನ ಅಂಗಿಯ ಗುಂಡಿಗಳೂ ಕಾಣುತ್ತವೆ. ಅಷ್ಟು ದೂರದಿಂದ ಗುಂಡಿ ಕಾಣುವುದು ಸಾಧ್ಯವಿಲ್ಲವೆಂದು ನನಗೆ ಗೊತ್ತು.

ಮೊನ್ನೆ ಹುಮನಾಬಾದಿನ ಹೆದ್ದಾರಿಯ ಬದಿಯಲ್ಲಿ ನಿಂತಿದ್ದಾಗ ಖಾಲಿ ಟ್ರೈಲರಿನ ಕೆಂಪು ಟ್ರ್ಯಾಕ್ಟರೊಂದು ಹಾದುಹೋಯಿತು. ಚಾಲಕ ಕೈ ಎತ್ತಿದ. ನಾನು ಎತ್ತಲಿಲ್ಲ. ಅದು ಮರೆಯಾದ ಮೇಲೆ, ಜನ ನೋಡುತ್ತಿದ್ದರೂ, ಬಗ್ಗಿ ನೆಲ ನೋಡಿದೆ. ಡಾಂಬರು ರಸ್ತೆ. ಯಾವ ಗಾಲಿಯ ಗುರುತೂ ಅಲ್ಲಿ ಮೂಡುವುದಿಲ್ಲ.