ನೀರು ಬೆರೆಸದ ಬ್ರಾಂದಿ

ಅಮೆರಿಕದ ಹ್ಯಾರಿಸನ್ ಊರಿನಲ್ಲಿ ಇಪ್ಪತ್ತು ವರ್ಷ ಮದ್ಯದಂಗಡಿ ನಡೆಸಿದರೂ ಗುರುಸಿದ್ದಪ್ಪ ಒಂದು ಹನಿ ನಾಲಿಗೆಗೆ ಸೋಕಿಸಿದವನಲ್ಲ. ಕೌಂಟರಿನ ಮೇಲೆ ದೀಪ ಹಚ್ಚದೆ ವ್ಯಾಪಾರ ಶುರು ಮಾಡಿದವನೂ ಅಲ್ಲ. ಫ್ರಾನ್ಸಿನ ವ್ಯಾಪಾರಿ ಮನೆತನವೊಂದು ಪೀಪಾಯಿಯಿಂದ ನೇರ ಬಾಟಲಿಗೆ ತುಂಬಿಸಿದ ನಲವತ್ತು ವರ್ಷದ ಬ್ರಾಂದಿ ತೋರಿಸಿ, "ಹನಿ ನೀರೂ ಬೆರಸಿಲ್ರೀ," ಎಂದು ಹೊಗಳುತ್ತಿದ್ದ. ಅದರ ಉರಿ ಎಷ್ಟೆಂದು, ಪಾಪ, ಅವನಿಗೇ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಚಾಕು ಹಿಡಿದು ನುಗ್ಗಿದ ಕಳ್ಳನೊಬ್ಬ ಅವನ ಕೆನ್ನೆ ಸೀಳಿ, ಅದೇ ಬಾಟಲಿಗೆ ಕೈ ಹಾಕಿದ. ಎಳೆದಾಟದಲ್ಲಿ ಬಾಟಲಿ ದೀಪದ ಮೇಲೆ ಬಿದ್ದು ಒಡೆಯಿತು. ಕಳ್ಳನ ತೋಳು ಭಗ್ಗನೆ ಹೊತ್ತಿಕೊಂಡಿತು. ಗುರುಸಿದ್ದಪ್ಪ ಅವನನ್ನು ನೆಲಕ್ಕೆ ಕೆಡವಿ, ತನ್ನ ಕೋಟಿನಿಂದ ಬೆಂಕಿಯನ್ನು ಬಡಿಬಡಿದು ಆರಿಸಿದ.

"ಬೆಂಕಿ ಆರೇತ್ರೀ, ಬಿಡ್ರೀ!" ಹೆಂಡತಿ ರುದ್ರಮ್ಮ ಚೀರಿದಳು.

ಕೋಟು ಆಗಲೇ ದೂರ ಬಿದ್ದಿತ್ತು. ಅವನು ಮುಷ್ಟಿಯಿಂದ ಬಡಿಯುತ್ತಲೇ ಇದ್ದ.