ಸಮಿತಿಗಳನ್ನು ನಂಬದ ಅಂಕಲ್

ಅಂಕಲ್ ಅವರ ಬಲಗಿವಿಯ ಮೇಲೆ ಸದಾ ಒಂದು ಮೋಟು ಕೆಂಪು ಪೆನ್ಸಿಲ್ ಕೂತಿರುತ್ತಿತ್ತು. ಸ್ನಾನಕ್ಕೆ ಹೋಗುವಾಗಲಾದರೂ ತೆಗೆಯುತ್ತಿದ್ದರೋ ಇಲ್ಲವೋ, ದೇವರೇ ಬಲ್ಲ. ಸಿಂಗಾಪುರದ ಟೋವಾ ಪಾಯೋದ ನಮ್ಮ ಬ್ಲಾಕಿನಲ್ಲಿ, ನಮ್ಮಿಂದ ಎರಡು ಮನೆ ಆಚೆ, ಟುವಾಸ್‌ನ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಮಗನ ಜೊತೆ ಇದ್ದರು. ಅದಕ್ಕೂ ಮುಂಚೆ ಬೆಂಗಳೂರಿನ ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಸ್ಟೆನೋ. ಆಳುವವರು, ವಿರೋಧದವರು ಒಟ್ಟಿಗೆ ಕೂತ ಸಮಿತಿಗಳ ವರದಿ ಟೈಪ್ ಮಾಡಿ ಮಾಡಿ ಅವರಿಗೆ ಸಮಿತಿ ಎಂದರೇ ಅಲರ್ಜಿ.

ಸಂಜೆ ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ಅಂದರೆ ವಾಯ್ಡ್ ಡೆಕ್ಕಿನಲ್ಲಿ, ಕಲ್ಲುಮೇಜಿನ ಮೇಲೆ ಪೇಪರ್ ಹರಡಿ ಕೂರುತ್ತಿದ್ದರು. ಸಮಿತಿಯ ಸುದ್ದಿ ಕಂಡರೆ ಸಾಕು, ಪೆನ್ಸಿಲ್ ಕಿವಿಯಿಂದ ಕೈಗೆ ಬರುತ್ತಿತ್ತು. ‘ಸೂಕ್ತ’, ‘ಹಂತಹಂತವಾಗಿ’, ‘ಸಾಧ್ಯವಾದಷ್ಟು ಬೇಗ’, ಎಲ್ಲಕ್ಕೂ ಗೀಟು.

“ಇವೆಲ್ಲ ಇಬ್ಬರೂ ಸೈನ್ ಹಾಕ್ಲಿ ಅಂತ ಸೇರ್ಸೋ ಪದ ಕಣಮ್ಮ. ಹೊಡೆದ್ಮೇಲೆ ಏನು ಉಳಿಯುತ್ತೋ ಅದೇ ರಿಪೋರ್ಟು.”

ನನಗೆ ಮೈಯೆಲ್ಲ ಉರಿಯುತ್ತಿತ್ತು. “ಅಂಕಲ್, ಇಬ್ಬರೂ ಒಂದೇ ಟೇಬಲ್‌ಗೆ ಬಂದಿದ್ದೇ ದೊಡ್ಡದು. ನಿಮ್ಮದು ಬರೀ ಕೊಂಕು!” ಎಂದು ಜಗಳ ತೆಗೆಯುತ್ತಿದ್ದೆ.

“ಬಂದೋರು ಯಾರು ಅಂತ ನೋಡು. ಲಂಕಾದಲ್ಲಿ ಬಾಂಬ್ ಬೀಳೋ ಊರಿನೋರು ಒಬ್ಬರಾದ್ರೂ ಇದಾರಾ? ನಾಳೆ ಕೆಟ್ರೆ ತಪ್ಪು ಒಬ್ರ ತಲೆ ಮೇಲೆ ಬರಬಾರ್ದು ಅಂತ ಇಬ್ರೂ ಕೂರ್ತಾರೆ, ಅಷ್ಟೆ.”

ಆಗ ಶ್ರೀಲಂಕಾದಲ್ಲಿ ಯುದ್ಧ ನಡೆಯುತ್ತಿತ್ತು. ನಮ್ಮ ಕೆಳಗಿನ ಮನೆಯ ಆಂಟಿ ಜಾಫ್ನಾದವರು. ಅವರ ತಮ್ಮ ಅಲ್ಲೇ ಸಿಕ್ಕಿಬಿದ್ದಿದ್ದ, ಎಂಟು ತಿಂಗಳಿಂದ ಸುದ್ದಿಯಿಲ್ಲ. ಯುದ್ಧ ನಿಲ್ಲಿಸಲು ಅಲ್ಲಿನ ಆಳುವ, ವಿರೋಧ ಎರಡೂ ಪಕ್ಷದವರ ಸಮಿತಿ ಸಲಹೆ ಕೊಡಲಿದೆ ಎಂಬ ಸುದ್ದಿ ಬಂದ ದಿನ, ಆಂಟಿ ಪೇಪರ್ ಹಿಡಿದು ಓಡಿಬಂದರು. ಇನ್ನು ತಮ್ಮ ಸಿಕ್ಕೇ ಸಿಗುತ್ತಾನೆ ಎಂಬ ಖುಷಿ. ಅಂಕಲ್ ಅಭ್ಯಾಸಬಲದಿಂದ ಪೆನ್ಸಿಲ್ ತೆಗೆದರು. ಗೀಟೆಳೆಯುತ್ತಾ ಹೋದರು. ಕೊನೆಗೆ ಸದಸ್ಯರ ಹೆಸರುಗಳಷ್ಟೇ ಉಳಿದವು. ಆಂಟಿ ಅದನ್ನೇ ನೋಡಿದರು. ಪೇಪರ್ ಮಡಚಿಕೊಂಡು ಲಿಫ್ಟ್ ಕಡೆ ಹೋದರು.

“ಥೂ, ನನ್ನ ಕೈಗಿಷ್ಟು!” ಎಂದರು ಅಂಕಲ್. ಅವರ ಮುಖ ಕಪ್ಪಿಟ್ಟಿತ್ತು. ಅವತ್ತು ನಾನೂ ಅವರಿಗೆ ಬಾಯಿಗೆ ಬಂದಂತೆ ಅಂದುಬಿಟ್ಟೆ.

ಮರುದಿನ ಬೆಳಿಗ್ಗೆ ಅವರು ತಮ್ಮ ಹಳೇ ಟೈಪ್‌ರೈಟರ್ ಹೊತ್ತು ಆಂಟಿಯ ಮನೆ ಬಾಗಿಲಲ್ಲಿ ನಿಂತಿದ್ದರು. ಬೆಂಗಳೂರಿನಲ್ಲಿ ಕೇಳಿ ಕಲಿತ ತಮಿಳಿನಲ್ಲೇ ಕ್ಷಮೆ ಕೇಳಿದರಂತೆ. ಅಂದಿನಿಂದ ವಾರಕ್ಕೆ ನಾಲ್ಕು ಕಾಗದ: ಆಸ್ಪತ್ರೆಗಳಿಗೆ, ಚರ್ಚುಗಳಿಗೆ, ನಿರಾಶ್ರಿತರ ಶಿಬಿರಗಳಿಗೆ. ತಮ್ಮನ ಹೆಸರು, ವಯಸ್ಸು, ಗಲ್ಲದ ಮೇಲಿನ ಗಾಯದ ಗುರುತು. ನನ್ನ ಆಫೀಸಿನಿಂದ ಫ್ಯಾಕ್ಸ್ ಕಳಿಸುವುದು ನನ್ನ ಕೆಲಸ. ಒಮ್ಮೆ ಚೆಂದ ಕಾಣಲಿ ಎಂದು ಕೊನೆಗೆ ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂದು ಇಂಗ್ಲಿಷಿನಲ್ಲಿ ಸೇರಿಸಿದ್ದೆ. ಗೀಟು ಬಿತ್ತು.

“ಸೂಕ್ತ ಅಂದ್ರೆ ಫೈಲಿಗೆ ಹಾಕ್ತಾರಮ್ಮ. ‘ಹುಡುಕಿ’ ಅಂತ ಬರಿ.”

ಸಮಿತಿಯ ಸುದ್ದಿ ಪೇಪರಿನಿಂದ ಮೆಲ್ಲಗೆ ಮಾಯವಾಯಿತು. ನಾನು ಏನಾಯಿತೆಂದು ಕೇಳಲಿಲ್ಲ, ಅಂಕಲ್ ‘ನಾನು ಹೇಳಿರಲಿಲ್ವಾ’ ಎನ್ನಲಿಲ್ಲ. ಟೈಪ್ ಮಾಡುತ್ತಲೇ ಇದ್ದರು. ಒಂದೂವರೆ ವರ್ಷವಾಗುವ ಹೊತ್ತಿಗೆ ಅವರ ಹೃದಯ ಸೋತಿತು, ಆಸ್ಪತ್ರೆ ಸೇರಿದರು.

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗ ಆಂಟಿ ಏದುಸಿರು ಬಿಡುತ್ತಾ ಬಂದರು. ಕೈಯಲ್ಲಿ ಒಂದು ತುಂಡು ಕಾಗದ. ಶಿಬಿರವೊಂದರಿಂದ ತಮ್ಮ ಬರೆದದ್ದು. ಅಳುತ್ತಲೇ ಓದಿದರು: “ಅಕ್ಕ, ಬದುಕಿದ್ದೇನೆ. ಎಡಗಾಲು ಇಲ್ಲ. ಅಮ್ಮನ ಫೋಟೋ ಉಳಿಸಿಕೊಂಡಿದ್ದೇನೆ. ಲುಂಗಿ ಕಳಿಸು.”

ಅಂಕಲ್ ಕೈಚಾಚಿ ಕಾಗದ ತೆಗೆದುಕೊಂಡರು. ತಮಿಳು ಓದಲು ಬರದಿದ್ದರೂ ಸಾಲಿನ ಮೇಲೆ ಸಾಲು ಬೆರಳಾಡಿಸಿದರು. ಅಭ್ಯಾಸದಂತೆ ಕೈ ಕಿವಿಗೆ ಹೋಯಿತು, ಪೆನ್ಸಿಲ್ ಮುಟ್ಟಿತು, ಅಲ್ಲೇ ನಿಂತಿತು.

“ಹೊಡೆಯೋಕೆ ಒಂದು ಪದಾನೂ ಇಲ್ಲಮ್ಮ” ಎಂದು ನನಗೆ ಹೇಳಿ, ಕಾಗದವನ್ನು ಎರಡೂ ಕೈಯಲ್ಲಿ ಆಂಟಿಗೆ ಕೊಟ್ಟರು.

ಆ ವಾರವೇ ಅಂಕಲ್ ಹೋದರು. ಪೆನ್ಸಿಲನ್ನು ಅವರ ಮಗ ನನಗೆ ಕೊಟ್ಟರು. ಇದನ್ನು ಬರೆಯುವಾಗಲೂ ಅದರಲ್ಲೇ ಎಷ್ಟೋ ಪದ ಹೊಡೆದುಹಾಕಿದೆ. ಅವರೆಂದರೆ ನನಗೆ ಪ್ರಾಣ ಎಂಬ ಮಾತಿಗೆ ಮಾತ್ರ ಗೀಟೆಳೆಯಲು ಕೈ ಬರಲಿಲ್ಲ.