ಅತಿಥಿಯಿಲ್ಲದ ಸಭೆಗೆ ಬಂದ ಹಾರ

“ಹಾರ ಯಾರಿಗಿ ಹಾಕ್ಬೇಕ್ರಿ?” ಗೋಗಿಯ ಶರಣಮ್ಮ ಸೇವಂತಿಗೆ ಹಾರ ಹಿಡಿದು ನಿಂತೇ ಇದ್ದರು. ಭೀಮರಾಯನಗುಡಿಯ ಬೇವಿನ ಮರದ ಕೆಳಗೆ ಸೇರಿದ್ದ ನಾವು ಅಂಗನವಾಡಿ ಕಾರ್ಯಕರ್ತೆಯರೆಲ್ಲ ಬಿದ್ದು ಬಿದ್ದು ನಕ್ಕೆವು. ಈ ಸಲ ಅತಿಥಿ ಬೇಡ, ವೇದಿಕೆ ಬೇಡ, ಭಾಷಣ ಬೇಡ, ನಮ್ಮ ಕಷ್ಟಸುಖ ನಾವೇ ಮಾತಾಡೋಣ ಎಂದು ಕರೆದವರೇ ಶರಣಮ್ಮ. ಅಭ್ಯಾಸಬಲ, ಹಾರ ಮಾತ್ರ ತಂದುಬಿಟ್ಟಿದ್ದರು.

ನಗು ನಿಂತ ಮೇಲೆ, ಮಾತು ಯಾರು ಶುರುಮಾಡುತ್ತಾರೆಂದು ಒಬ್ಬರ ಮುಖ ಒಬ್ಬರು ನೋಡಿದೆವು. ಸಭೆಯೆಂದರೆ ಸಾಹೇಬರು ಹೇಳಿದ್ದಕ್ಕೆ ತಲೆಯಾಡಿಸಿಯೇ ನಮಗೆ ರೂಢಿ. ಚಹಾ ಕುಡಿದು ಬಸ್ಸು ಹಿಡಿಯುವುದೇ ಸೈ ಅಂದುಕೊಂಡೆ. ಆಗ ಸುರಪುರದ ಕಡೆಯಿಂದ ಬಂದಿದ್ದ ಹೊಸಬಳು ಮಹಾದೇವಿ, ಸೆರಗು ಹಿಂಡುತ್ತ ಕೇಳಿದಳು: “ನನ್ನ ಕೇಂದ್ರದಾಗ ಒಂದು ಕೂಸು ಮಾತೇ ಆಡಂಗಿಲ್ರಿ. ನೀವಾಗಿದ್ರ ಏನ್ ಮಾಡ್ತಿದ್ರಿ?”

ಕುರ್ಚಿಗಳೆಲ್ಲ ಅವಳ ಕಡೆ ಸರಿದವು. ಒಬ್ಬರು ಹಾಡು ಹೇಳಿಕೊಟ್ಟರು. ಇನ್ನೊಬ್ಬರು, ತಟ್ಟೆ ಹಂಚುವ ಕೆಲಸ ಆ ಕೂಸಿಗೇ ಕೊಟ್ಟು ನೋಡು ಎಂದರು. ನನ್ನ ಕೇಂದ್ರದ ಮೌನಿ ಹುಡುಗಿಯ ಕತೆಯನ್ನು ನಾನೂ ಹೇಳಿದೆ. ಚಹಾ ಆರಿಹೋದದ್ದು ಯಾರಿಗೂ ಗೊತ್ತಾಗಲಿಲ್ಲ.

ಏಳುವಾಗ ಶರಣಮ್ಮ ಹಾರವನ್ನು ಮಹಾದೇವಿಯ ಕೊರಳಿಗೆ ಹಾಕಲು ಹೋದರು. “ನಾ ಏನ್ ಹೇಳೀನ್ರಿ ಅಕ್ಕ, ಬರೇ ಕೇಳೀನಿ” ಎಂದು ಅವಳು ಹಿಂದೆ ಸರಿದಳು. ಶರಣಮ್ಮ ಹಾರವನ್ನೇ ಹರಿದು ಎಲ್ಲರಿಗೂ ತುಂಡು ತುಂಡು ಹಂಚಿದರು.

ದೋರನಹಳ್ಳಿಯ ಮನೆಗೆ ಬಂದಾಗ ನನ್ನ ಮುಡಿಯಲ್ಲಿದ್ದ ಸೇವಂತಿಗೆ ನೋಡಿ ಅತ್ತೆ, “ಇವತ್ತ ಅತಿಥಿ ಯಾರ್ ಬಂದಿದ್ರವ್ವ?” ಎಂದರು. “ನಾವೇ ರಿ” ಎಂದೆ.